ಚೆಂಡುಹೂವಿನ ಹಾರವೂ ಗಿರ್ಮಿಟ್ ಕಾಯಿನ್ ಸಾಮ್ರಾಜ್ಯವೂ

ಕಿವಿಯುಳ್ಳವರು ಕಿವಿಗೊಡಿರಿ, ಕೆಲಸವುಳ್ಳವರು ಅದನ್ನು ಅತ್ತ ಸರಿಸಿ ಕೂಡಿರಿ. ಕಣ್ಣಿಗೆ ಕಾಣದ, ಕೈಗೆ ಸಿಗದ, ಜೇಬಿಗಿಳಿಸಿದರೆ ಝಣಗುಟ್ಟದ ನಾಣ್ಯಗಳಿಗಾಗಿ ನರಲೋಕವೆಲ್ಲ ನಿದ್ದೆಗೆಟ್ಟ ಈ ಮಾಯಾಯುಗದಲ್ಲಿ, ಮಿಕ್ಸರ್-ಗ್ರೈಂಡರ್-ವಿಕ್ರಯ-ವಿಶಾರದನೂ, ವಾಗ್ವೈಖರೀ-ವಿಜಿತ-ಗ್ರಾಹಕ-ಹೃದಯನೂ, ಹುಬ್ಬಳ್ಳಿಯ ಅಧೀಶ್ವರನಲ್ಲದಿದ್ದರೂ ಅಲ್ಲೊಂದು ಅಂಗಡಿಯುಳ್ಳವನೂ, ಗಿರ್ಮಿಟ್ ಕಾಯಿನ್ ಎಂಬ ಡಿಜಿಟಲ್ ನಾಣ್ಯದ ಸಂಸ್ಥಾಪಕನೂ ಆದ ಗದಿಗೆಪ್ಪ ಹೊಂಬಳನ ಸಮರಗಾಥೆ ಇದು.

ಗಿರ್ಮಿಟ್, ಮಿರ್ಚಿ ಮಾರುವ ಅಂಗಡಿಗಳಲ್ಲೆಲ್ಲ ರೂಪಾಯಿಯ ಬದಲು ತನ್ನ ನಾಣ್ಯ ಓಡಾಡಬೇಕು ಎಂಬುದು ಅವನ ದಿಗ್ವಿಜಯದ ಸಂಕಲ್ಪ. ಈ ಕಥೆ ನಡೆದ ದಿನ ಮಧ್ಯಾಹ್ನ ದುರ್ಗದಬೈಲು ಪೇಟೆಯ ವ್ಯಾಪಾರಿಗಳು ಬಂದು ಅದು ಓಡುವುದನ್ನು ಕಣ್ಣಾರೆ ನೋಡುವವರಿದ್ದರು. ಓಡಿದರೆ ಸೇರುತ್ತಾರೆ. ಓಡದಿದ್ದರೆ ಚಹಾ ಕುಡಿದು ಎದ್ದು ಹೋಗುತ್ತಾರೆ, ಆಮೇಲೆ ಗದಿಗೆಪ್ಪ ಜೀವಮಾನವಿಡೀ ಮಿಕ್ಸರ್ ಮಾರಿಕೊಂಡಿರಬೇಕು.

ಇಂಥ ಮಹಾರಥನಿಗೆ ಒಂದೇ ನ್ಯೂನತೆ: ಕಂಪ್ಯೂಟರಿನ ಗಂಧಗಾಳಿಯೂ ಇರಲಿಲ್ಲ. ಜಗದ್ವ್ಯಾಪಿ, ವಿಕೇಂದ್ರೀಕೃತ, ಅಭೇದ್ಯ ಎಂದು ಅವನು ಭಾಷಣ ಬಿಗಿಯುತ್ತಿದ್ದ ಆ ನಾಣ್ಯಜಾಲ ಸಮಸ್ತವೂ ಅಂಗಡಿಯ ಹಿಂದಿನ ಕೋಣೆಯಲ್ಲಿ, ರಿಪೇರಿಗೆ ಬಂದ ಮಿಕ್ಸರುಗಳ ಪಕ್ಕ, ಒಂದೇ ಒಂದು ಕಂಪ್ಯೂಟರಿನೊಳಗೆ ವಾಸವಾಗಿತ್ತು. ಅದನ್ನು ಪಳಗಿಸಿಕೊಂಡಿದ್ದವನು ತಾಂತ್ರಿಕ ಮುಖ್ಯಸ್ಥ ಗುರುಸಿದ್ಧ. ಅವನೇ ಬಿಟ್ಟುಹೋಗಿದ್ದ.

ಬಿಟ್ಟುಹೋದದ್ದು ಖಂಡೇಪೂಜೆಯ ದಿನ. ಸಕಲಾಯುಧಗಳಿಗೂ ಆರತಿಯಾಗುವ ಆ ಮಹಾಪರ್ವದಂದು ಗದಿಗೆಪ್ಪ ತನ್ನ ಪರಮಾಯುಧವಾದ ಕಂಪ್ಯೂಟರಿಗೆ ಕುಂಕುಮವಿಟ್ಟು, ತೊಡೆಗಾತ್ರದ ಚೆಂಡುಹೂವಿನ ಹಾರವನ್ನು ಹಿಂದೆ ಮುಂದೆ ಸುತ್ತಿ ದಾರದಿಂದ ಬಿಗಿದ.

"ಸಾಹೇಬ್ರ, ಹೂ ತಗೀರಿ. ಅದಕ್ಕ ಉಸರಾಡಾಕ ಆಗಂಗಿಲ್ಲ," ಎಂದ ಗುರುಸಿದ್ಧ.

"ಮಷೀನ್ ಉಸರಾಡತೈತೇನ? ಪೂಜಾದ ಹೂ ತಾನಾಗೇ ಉದರಬೇಕು. ನಮ್ಮಪ್ಪನ ಕಾಲದಿಂದ ಒಂದ್ ಮಿಕ್ಸರಿಂದೂ ತಗದಿಲ್ಲ. ಇಲ್ಲಿ ಮಾಲಕ ಯಾರು?"

"ನೀವ."

"ಮತ್ತ?"

ಗುರುಸಿದ್ಧ ತುಸುಹೊತ್ತು ಕೀಲಿಮಣೆ ಕುಟ್ಟಿದ, ಚೀಲ ಹೆಗಲಿಗೇರಿಸಿದ, ಹೋದ. ಹುಡುಗನ ಮೇಲೆ ಗದಿಗೆಪ್ಪನಿಗೆ ಪ್ರೀತಿ ಇತ್ತು. ಆದರೆ ಫೋನು ಹಚ್ಚಲು ಮೀಸೆ ಅಡ್ಡ ಬಂತು.

ಯಂತ್ರವೋ, ಅಂದಿನಿಂದ ಎಚ್ಚರಾಗುವುದು, ಬುಸುಗುಟ್ಟುವುದು, ಮೂರ್ಛೆ ಹೋಗುವುದು. ಕಂಗಾಲಾದ ಗದಿಗೆಪ್ಪ ನೂತನ ತಾಂತ್ರಿಕ ಮುಖ್ಯಸ್ಥರ ಸ್ವಯಂವರವನ್ನು ಆನ್‌ಲೈನಿನಲ್ಲಿ ಸಾರಿದ. ವ್ಯಾಪಾರಿಗಳು ಬರಲಿದ್ದ ಆ ಮಹಾದಿನದ ಬೆಳಿಗ್ಗೆ ಮೊದಲು ಬಂದವನು ಬೆಂಗಳೂರಿನಲ್ಲಿ ಪಳಗಿದ ನಿಶ್ಚಲ ಕುಬಸದ ಎಂಬಾತ. ಆ ಕಪ್ಪುಕನ್ನಡಕಧಾರಿ ಕೂರುವ ಮೊದಲೇ ವೀರಾಲಾಪಕ್ಕಿಳಿದ.

"ಕೇಳಿ ಸರ್. ನಾನು ಮುಟ್ಟಿದ ಸರ್ವರ್ ನನ್ನ ಹೊರತು ಯಾರ ಮಾತೂ ಕೇಳುವುದಿಲ್ಲ. ನಾನು ಬರೆದ ಕೋಡು ಎರಡನೇ ಸಲ ಓದಿದರೆ ನನಗೇ ಅರ್ಥವಾಗದು, ಅಷ್ಟು ಆಳ. ನಿಮ್ಮ ವ್ಯವಸ್ಥೆಯನ್ನು ಬುಡಸಮೇತ ಕಿತ್ತು ಹೊಸದಾಗಿ ಕಟ್ಟುತ್ತೇನೆ."

ಗದಿಗೆಪ್ಪನ ರೋಮಗಳು ನಿಮಿರಿದವು. "ಮಧ್ಯಾಹ್ನದೊಳಗ ಆಗತೈತೇನ್ರಿ?"

"ಮುಂದಿನ ದಸರೆಯೊಳಗೆ," ಎಂದ ವೀರ. ಅವನಿಗೆ ಚಹಾ ಕೊಟ್ಟು ಕಳಿಸಲಾಯಿತು.

ಎರಡನೆಯವಳು ಧಾರವಾಡದ ಶಾಲ್ಮಲಾ ಬೆಟಗೇರಿ. ಬಂದವಳೇ ಸೀನಿದಳು. ಯಂತ್ರದ ನೆತ್ತಿಗೆ ಅಂಗೈ ಇಟ್ಟು, ಕಾದ ಹಂಚು ಮುಟ್ಟಿದವಳಂತೆ ಹಿಂದೆಗೆದಳು.

"ಫ್ಯಾನಿಗೇ ಹಾರ ಕಟ್ಟೀರಲ್ರಿ. ಬಿಸಿ ತಡೀಲಾರದ ಬಂದ್ ಆಗಾಕತ್ತೈತಿ. ಹೂ ತಗೀರಿ."

ಯಾವ ಮಾತಿಗಾಗಿ ಗದಿಗೆಪ್ಪ ಗುರುಸಿದ್ಧನನ್ನು ಕಳಕೊಂಡಿದ್ದನೋ ಅದೇ ಮಾತು. ಅವನು ಗಡಿಯಾರ ನೋಡಿದ, ಅಪ್ಪನ ಫೋಟೋ ನೋಡಿದ, ಕಣ್ಣುಮುಚ್ಚಿ ಕೈಮುಗಿದ. ಬಳಿಕ ಕರ್ತರೀ-ಕರಾಲ-ಕರನಾಗಿ, ಅಂದರೆ ಕತ್ತರಿ ಹಿಡಿದು, ಹಾರದ ಮೇಲೆರಗಿದ. ಬಾಡಿದ ದಳಗಳು ದಿಕ್ಕುದಿಕ್ಕಿಗೆ ಹಾರಿದವು. ಫ್ಯಾನಿಗೆ ಸುತ್ತಿಕೊಂಡ ದಾರ ಎಳೆದಷ್ಟೂ ಬಿಗಿಯಿತು. ಮಹಾವೀರನ ಹಣೆಯಿಂದ ಬೆವರು ಸುರಿಯಿತು. ಕೊನೆಗೆ ದಾರ ತುಂಡಾಯಿತು. ಯಂತ್ರ ಎಚ್ಚರವಾಯಿತು, ಎಚ್ಚರವಾಗಿಯೇ ಉಳಿಯಿತು, ಪಾಸ್‌ವರ್ಡ್ ಕೇಳಿತು.

"ಅದು ಗುರುಸಿದ್ಧಗ ಗೊತ್ತು," ಎಂದ ಗದಿಗೆಪ್ಪ ಕುಗ್ಗಿದ ದನಿಯಲ್ಲಿ. "ನೀವ ಮುರದ್ ಒಳಗ ಹೋಗ್ರಿ."

"ಮುರದ್ರ ನಾಣ್ಯಾನೂ ಹೋಗತಾವ್ರಿ. ಫೋನ್ ಹಚ್ರಿ."

ಹೊರಗೆ ವ್ಯಾಪಾರಿಗಳು ಚಪ್ಪಲಿ ಬಿಡುವ ಸದ್ದಾಯಿತು. ಕತ್ತರಿಯುದ್ಧಕ್ಕಿಂತ ಘೋರವಾದ ಯುದ್ಧ ಎದುರಾಗಿತ್ತು. ಗದಿಗೆಪ್ಪ ಫೋನು ಹಚ್ಚಿದ.

"ಗುರುಸಿದ್ಧ, ಪಾಸ್‌ವರ್ಡ್ ಬೇಕಾಗಿತ್ತೋ."

"ಹೂ ತಗದ್ರೇನ್ರಿ?"

ಗದಿಗೆಪ್ಪ ಕಾಲ್ಬುಡದ ಹೂರಾಶಿ ನೋಡಿದ. "ತಗದೆ."

"ಯಾರ್ ತಗದ್ರು?"

"ನಾನ."

"ಹಂಗಾರ ನೀವ ಒತ್ರಿ. ಇಂಗ್ಲಿಷ್ ಅಕ್ಷರದಾಗ ಹೇಳತೇನಿ. ನಡುವ ಜಾಗ ಬಿಡಬ್ಯಾಡ್ರಿ. ನಾ ಹೋದ ದಿನ ಬದಲ್ ಮಾಡಿಟ್ಟಿದ್ನಿ."

ವ್ಯಾಪಾರಿಗಳು ಬೆನ್ನ ಹಿಂದೆ ನೆರೆದರು. ಸಂಸ್ಥಾಪಕನು ತೋರುಬೆರಳೊಂದರಿಂದ ಅಕ್ಷರಕ್ಕಕ್ಷರ ಹುಡುಕಿ ಒತ್ತತೊಡಗಿದ. ಪರದೆಯ ಮೇಲೆ ಬರೀ ಚುಕ್ಕೆಗಳು. 'ಸಾಹೇಬ್ರ' ಮುಗಿದು 'ಹೂ' ಬಂದಾಗ ಬೆರಳು ನಿಂತಿತು. ಮುಂದಿನದನ್ನು ಗುರುಸಿದ್ಧ ಹೇಳಬೇಕಾಗಲಿಲ್ಲ. ಕಿವಿ ಕೆಂಪಗಾದ ಗದಿಗೆಪ್ಪ 'ತಗೀರಿ'ಯನ್ನು ತಾನೇ ಒತ್ತಿದ.

ಪರದೆ ಬೆಳಗಿತು. ನಾಣ್ಯ ಓಡಿತು. ಮಿರ್ಚಿ ವ್ಯಾಪಾರಿಯೊಬ್ಬ ಬೆರಗಾಗಿ ಕೇಳಿದ, "ಅಷ್ಟೊತ್ತು ಏನ್ ಒತ್ತಿದ್ರಿ, ಸಾವಕಾರ್ರ?"

"ಮಂತ್ರ," ಎಂದ ಗದಿಗೆಪ್ಪ.

ಬೆರಳನ್ನೇ ನೋಡುತ್ತಿದ್ದ ಶಾಲ್ಮಲಾ ನಗು ತಡೆದುಕೊಂಡಳು. ವ್ಯಾಪಾರಿಗಳು ಸೇರಲು ಒಪ್ಪಿ ಚಹಾಕ್ಕೆ ಹೊರಟ ಮೇಲೆ, ತಾಂತ್ರಿಕ ಮುಖ್ಯಸ್ಥೆಯಾಗಿ ತನ್ನ ಮೊದಲ ಪ್ರಶ್ನೆ ಕೇಳಿದಳು. "ಈ ಪಾಸ್‌ವರ್ಡ್ ಬದಲ್ ಮಾಡ್ಲೇನ್ರಿ?"

ಗದಿಗೆಪ್ಪ ಉದುರಿದ ಹೂಗಳನ್ನು ಟವೆಲ್ಲಿನೊಳಗೆ ಬಳಿದುಕೊಳ್ಳುತ್ತಿದ್ದ. ಫೋನು ಇನ್ನೂ ಕಟ್ ಆಗಿರಲಿಲ್ಲ.

"ಬ್ಯಾಡ್ರಿ," ಎಂದ. "ಮುಂದಿನ ಖಂಡೇಪೂಜಾ ತನಕ ಇರ್ಲಿ."