ಮೇಟಿಗೆ ಕಟ್ಟಿದ ಮೋಟಾರು

ನಮ್ಮ ಸೋದರಮಾವ ತನ್ನ ಜೀವಮಾನದಲ್ಲಿ ಒಂದೇ ಒಂದು ಮೋಟಾರು ಕಾರು ಕೊಂಡ. ಅದನ್ನೂ ಕೊಂಡದ್ದು, ಅದರೊಳಗೆ ಯಾವ ನರಮನುಷ್ಯನೂ ಕೂಡಲು ಸಾಧ್ಯವಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡ ಮೇಲೆ! ಮೊಳದುದ್ದ, ಗೇಣಗಲದ ಕಾರು. ಹಾಗೆಂದು ಕೀಲಿ ಕೊಟ್ಟು ಬಿಡುವ ಆಟಿಕೆ ಎಂದು ತಿಳಿಯಬೇಡಿ. ಅದರ ಹೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಎಂಜಿನ್ನು ಇತ್ತು. ಎಣ್ಣೆ ಕುಡಿಯುತ್ತಿತ್ತು, ಹೊಗೆ ಉಗುಳುತ್ತಿತ್ತು, ಮತ್ತು ಆ ಗಾತ್ರದ ಯಾವ ಪ್ರಾಣಿಗೂ ಸಲ್ಲದಷ್ಟು ಜೋರಾಗಿ ಚೀರುತ್ತಿತ್ತು.

ಮಾಮಾನ ಎಲೆತೋಟ ಇದ್ದದ್ದು ಸವಣೂರಿನಲ್ಲಿ. ಹಾವು ಕಂಡರೆ ಬಾಲ ಹಿಡಿದು ಬೇಲಿಯಾಚೆ ಒಗೆಯುವ ಮನುಷ್ಯ. ಎಂಜಿನ್ನು ಕಂಡರೆ ಮಾತ್ರ ಬಾಯಿ ಒಣಗುತ್ತಿತ್ತು. ನೆರೆಹೊರೆಯ ತೋಟಗಳಿಗೆಲ್ಲ ಪಂಪು ಬಂದರೂ ಈತ ಎತ್ತು ಹೂಡಿ ಕಪಿಲೆಯಿಂದಲೇ ನೀರೆತ್ತುತ್ತಿದ್ದ. ಹಿಟ್ಟಿನ ಗಿರಣಿಗೆ ಮಾಮಿಯೇ ಹೋಗಬೇಕು. ವೀಳ್ಯದೆಲೆಯ ಪೆಂಡಿಗಳನ್ನು ಚಕ್ಕಡಿಯಲ್ಲಿ ಯಲವಿಗಿಗೆ ಒಯ್ದು, ಸ್ಟೇಶನ್ನು ಇನ್ನೂ ದೂರದಲ್ಲಿರುವಾಗಲೇ ಬೇವಿನ ಮರದ ಕೆಳಗೆ ಹಮಾಲರಿಗೆ ಒಪ್ಪಿಸಿ, ಎತ್ತು ತಿರುಗಿಸಿಬಿಡುತ್ತಿದ್ದ. ಆತನ ಎಲೆಗಳು ರೈಲು ಹತ್ತಿ ಮುಂಬೈ ಕಂಡವು. ಎಲೆಯ ಮಾಲಕ ಯಲವಿಗಿಯ ಪ್ಲಾಟ್‌ಫಾರಂ ಕಾಣಲಿಲ್ಲ.

ಒಮ್ಮೆ ಯಾರೋ ಪರಿಚಯದವರು ತಮ್ಮ ಲಟಕಾಸಿ ಮೊಪೆಡ್ಡನ್ನು ಮಾಮಾನ ಬಾಗಿಲ ಮುಂದೆ ನಿಲ್ಲಿಸಿ ಪೇಟೆಗೆ ಹೋದರು. ಅವರು ಮರಳಿ ಬರುವವರೆಗೂ ಮಾಮಾ ಹೊಸ್ತಿಲು ದಾಟಲಿಲ್ಲ. ನಿಂತ ಗಾಡಿಗೆ ಯಾಕೆ ಅಂಜುತ್ತೀರಿ ಎಂದು ಅವರು ನಕ್ಕರೆ, ಮಾಮಾ ಗಂಭೀರವಾಗಿ ಹೇಳಿದ: "ಓಡಾಕತ್ತಿದ್ದ ಗಾಡಿ ಎಲ್ಲಿಗೆ ಹೊಂಟೈತಿ ಅಂತ ಕಣ್ಣಿಗೆ ಕಾಣ್ತೈತ್ರಿ. ನಿಂತದ್ದರ ಮನಸಿನ್ಯಾಗ ಏನೈತಿ ಯಾರಿಗೆ ಗೊತ್ತು?"

ನಗಬೇಡಿ. ಆ ಭಯ ಅಂಟುರೋಗದ ಜಾತಿಯದು. ಹಾನಗಲ್ಲಿನಿಂದ ಬಸ್ಸಿನಲ್ಲಿ ಧೈರ್ಯವಾಗಿಯೇ ಬಂದ ನಾನು, ಮಾಮಾನ ಜೊತೆ ಒಂದು ಹಗಲು ಕಳೆದರೆ ಸಾಕು, ವಾಪಸು ಹೋಗುವಾಗ ಗೇರು ಬದಲಾದ ಸಪ್ಪಳಕ್ಕೆಲ್ಲ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿಯುತ್ತಿದ್ದೆ.

ಹೀಗೆ ಎಂಜಿನ್ನುಗಳನ್ನು ತಪ್ಪಿಸಿಕೊಂಡು ಒಂದು ಜನ್ಮ ಸಾಗಿಸಿಬಿಡಬಹುದಿತ್ತು. ಆದರೆ ಮಾಮಾನಿಗೆ ಒಬ್ಬಳೇ ಮಗಳು. ಆಕೆಯನ್ನು ಕೊಟ್ಟದ್ದು ಹಿರೇಕೆರೂರಿಗೆ. ಮದುವೆ ಸವಣೂರಿನಲ್ಲಿಯೇ ಆಯಿತು. ಬೀಗರ ಬಸ್ಸು ಹೊರಟಾಗ ಮಾಮಾ ಅದರ ಹಿಂದೆ ಊರ ಹೊರಗಿನವರೆಗೆ ನಡೆದು ಹೋಗಿ, ಧೂಳು ಅಡಗುವವರೆಗೆ ನಿಂತು ಬಂದ. ಅಷ್ಟೇ. ಮಗಳ ಮನೆಯ ಬಾಗಿಲು ಯಾವ ದಿಕ್ಕಿಗೆ ಇದೆ ಎಂಬುದೂ ಆತನಿಗೆ ಗೊತ್ತಿರಲಿಲ್ಲ.

ಚಕ್ಕಡಿಯಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಹೋದ! ಬುತ್ತಿ ಕಟ್ಟಿಸಿಕೊಂಡು ಹೋದ. ಆದರೆ ಹಾವೇರಿಯ ಹತ್ತಿರ ಹೆದ್ದಾರಿ ದಾಟಬೇಕು. ಅಲ್ಲಿ ಲಾರಿಗಳು. ಎತ್ತುಗಳು ದಾಟಲು ತಯಾರಿದ್ದವು, ಮಾಮಾ ಇರಲಿಲ್ಲ. ಹಳ್ಳದ ನೆರೆ ಇಳಿಯಲಿ ಎಂದು ದಂಡೆಯಲ್ಲಿ ಕಾಯುವವರ ಹಾಗೆ, ಲಾರಿಗಳು ಮುಗಿಯಲಿ ಎಂದು ಬೈಗಿನವರೆಗೂ ಕಾದ. ಅವು ಮುಗಿಯಲಿಲ್ಲ. ಬುತ್ತಿ ಮುಗಿಯಿತು. ತಿರುಗಿ ಬಂದ.

ನಮ್ಮ ಕಡೆ ನಾಗರಪಂಚಮಿಗೆ ಮಗಳು ತಾನಾಗಿ ತವರಿಗೆ ಬರುವುದಿಲ್ಲ. ತವರಿನಿಂದ ಒಬ್ಬರು ಹೋಗಿ ಕರೆದು ತರಬೇಕು. ಆ ಕೆಲಸ ಸೋದರಳಿಯನಾದ ನನ್ನ ಪಾಲಿಗೆ ಬಂದಿತ್ತು. ಹೀಗೆ ವರ್ಷ ವರ್ಷವೂ ನಡೆದಿರಲು, ಒಂದು ಪಂಚಮಿ ಮುಗಿಸಿ ಹೊರಟು ನಿಂತ ಮಗಳು ನನ್ನತ್ತ ಬೆರಳು ತೋರಿಸಿ ಅಪ್ಪನಿಗೆ ಅಂದಳು: "ಅಪ್ಪಾ, ಬರೂ ವರ್ಷ ಇವನ್ನ ಕಳಸಬ್ಯಾಡ. ನಿನಗ ಅಪ್ಪ ಅದಾನೋ ಇಲ್ಲೋ ಅಂತ ನಮ್ಮತ್ತಿ ಕೇಳ್ತಾಳ. ಅದಾನ, ಅದಾನ ಅಂತ ಹೇಳಿ ಹೇಳಿ ಸಾಕಾಗೇತಿ. ನೀನ ಬಾ. ಬರಲಿಲ್ಲಂದ್ರ ನಾನೂ ಬರೂದಿಲ್ಲ."

ಹಟಮಾರಿತನದಲ್ಲಿ ಅವಳು ಅಪ್ಪನ ಮಗಳೇ. ಬರುವುದಿಲ್ಲ ಎಂದರೆ ಬರುವುದಿಲ್ಲ. ಮಾಮಿ ಒಂದು ವಾರ ಮಾಮಾನೊಡನೆ ಮಾತು ಬಿಟ್ಟಳು. ಎಂಟನೆಯ ದಿನ ಮಾಮಾ ಎಲೆಗೆ ಸುಣ್ಣ ಹಚ್ಚುತ್ತ ತನ್ನ ಚಿಕಿತ್ಸೆಯನ್ನು ಪ್ರಕಟಿಸಿದ. ತಂಬಾಕನ್ನು ಯಾರಾದರೂ ಒಮ್ಮೆಗೇ ಬೊಗಸೆಯಷ್ಟು ತಿಂದು ಕಲಿಯುತ್ತಾರೆಯೇ? ಮೊದಲು ಎಲೆಗೆ ಸೋಕಿಸಿ, ಆಮೇಲೆ ಚೂರು, ಆಮೇಲೆ ಚಿಟಿಕೆ. ಎಂಜಿನ್ನೂ ಹಾಗೆಯೇ. ಒಮ್ಮೆಗೇ ಬಸ್ಸು ನುಂಗಲಾಗದು. ಮೊದಲು ಜಗತ್ತಿನ ಅತ್ಯಂತ ಸಣ್ಣ ಎಂಜಿನ್ನನ್ನು ಹುಡುಕಿ ತಂದು, ಮನೆಯಲ್ಲಿಟ್ಟುಕೊಂಡು, ಅದಕ್ಕೆ ಅಂಜಿ ಅಂಜಿ ಅಂಜಿಕೆಯನ್ನು ಸವೆಸಬೇಕು!

ಖಾರ ಕರಿದು ಮಾರುವ ಅಂಗಡಿಯ ಸಾಹೇಬರು ಮಾಮಾನ ಜೀವದ ಗೆಳೆಯರು. ಅವರ ತಮ್ಮ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದ. ಅಲ್ಲಿನ ಶ್ರೀಮಂತರು ಕೈಯಲ್ಲೊಂದು ರೇಡಿಯೋ ಡಬ್ಬಿ ಹಿಡಿದು, ದೂರದಿಂದಲೇ ಪುಟ್ಟ ಕಾರುಗಳನ್ನು ಮರಳಿನಲ್ಲಿ ಓಡಿಸುತ್ತಾರೆಂಬ ಸುದ್ದಿ ಅವನಿಂದಲೇ ಬಂದದ್ದು. ಮಾಮಾ ಕೇಳಿದ್ದಕ್ಕೆ ಅವನು ಅಂಗಡಿಯ ಬಣ್ಣದ ಚಿತ್ರಗಳ ಪುಸ್ತಕವನ್ನೇ ಕಳಿಸಿದ. ಖಾರದ ಅಂಗಡಿಯ ಹಿಂಬದಿಯಲ್ಲಿ, ಕಡಾಯಿಯ ಘಾಟಿನ ನಡುವೆ, ವರಪರೀಕ್ಷೆ ಶುರುವಾಯಿತು.

ಕಾರು ಕೊಳ್ಳುವವರು ಎಷ್ಟು ಜೋರು ಓಡುತ್ತದೆ ಎಂದು ಕೇಳುತ್ತಾರೆ. ಮಾಮಾ ಎಷ್ಟು ಮೆಲ್ಲಗೆ ಓಡುತ್ತದೆ ಎಂದು ಕೇಳಿದ. ಸಿಟ್ಟು ಬಂದರೆ ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಎಂದು ಕೇಳಿದ. ಕೆಂಪು ಬಣ್ಣದ್ದು ಬೇಡವೇ ಬೇಡ ಎಂದ. ಸಾಹೇಬರು ಸಮಾಧಾನದಿಂದ ಬ್ಯಾಟರಿಯ ಕಾರೊಂದನ್ನು ತೋರಿಸಿದರು. ಸೋವಿ, ಸಪ್ಪಳವಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲ. ಮಾಮಾನಿಗೆ ಅದರ ಮೇಲೆ ಮನಸ್ಸಾಯಿತು. ಆಮೇಲೆ ನಿಟ್ಟುಸಿರು ಬಿಟ್ಟು ಪುಟ ತಿರುವಿದ. ಬಸ್ಸಿಗೆ ಸಪ್ಪಳವೂ ಇದೆ, ಹೊಗೆಯೂ ಇದೆ; ಅಂಜಿಕೆಯೇ ಬಾರದ ಕಾರಿಗೆ ದುಡ್ಡು ಸುರಿದು ಉಪಯೋಗವೇನು?

ಹಾಗಾದರೆ ಎಂಜಿನ್ನಿನದು. ಅದರ ಬೆಲೆ ಕೇಳಿ ಮಾಮಾ ಪುಸ್ತಕ ಮುಚ್ಚಿದ. ಆ ದುಡ್ಡಿಗೆ ಜೋಡೆತ್ತು ಬರುತ್ತಿದ್ದವು. ಅದರಲ್ಲೂ ಅರ್ಧ ಬೆಲೆ ರೇಡಿಯೋ ಡಬ್ಬಿಯದೇ. ಕೊನೆಗೆ ಸಾಹೇಬರ ತಮ್ಮನೇ ಒಂದು ದಾರಿ ಹುಡುಕಿದ. ಅವನ ಧಣಿಯ ಮಗ ಆಡಿ ಬೇಸತ್ತು ಬಿಟ್ಟ ಕಾರೊಂದಿತ್ತು. ಎಂಜಿನ್ನು ಗಟ್ಟಿ, ರೇಡಿಯೋ ಡಬ್ಬಿ ಸಮುದ್ರಕ್ಕೆ ಬಿದ್ದು ಹಾಳಾಗಿದೆ, ಕೊಟ್ಟಷ್ಟು ಕೊಡಿ.

"ಬ್ಯಾಡ್ರಿ ಎಲಿ ಮಾಲಕ್ರ," ಅಂದರು ಸಾಹೇಬರು. "ರೇಡಿಯೋ ಇಲ್ಲದ ಗಾಡಿ ಅಂದ್ರ ಲಗಾಮಿಲ್ಲದ ಕುದರಿ."

"ರೇಡಿಯೋ ಯಾರಿಗೆ ಬೇಕ್ರಿ ಸಾಹೇಬ್ರ? ಕಣ್ಣಿಗೆ ಕಾಣದ್ದು ಹಿಡದಿರ್ತೈತಿ ಅಂದ್ರ ನಾ ಹೆಂಗ ನಂಬಲಿ? ಹಗ್ಗ ಆದ್ರ ಕಾಣ್ತೈತಿ."

ಮಾಮಾನ ಇನ್ನೊಂದು ಶಂಕೆಯನ್ನೂ ದಾಖಲಿಸಬೇಕು. ಸಂಜೆ ಊರವರೆಲ್ಲ ಬಾನುಲಿಯಲ್ಲಿ ರೈತರ ಕಾರ್ಯಕ್ರಮ ಹಚ್ಚಿದಾಗ, ರೇಡಿಯೋದ ಮಾತು ಕೇಳುವ ಕಾರು ಯಾರ ಮಾತು ಕೇಳಬೇಕು? ಗೊಬ್ಬರದ ಸಲಹೆಗೆ ಎಡಕ್ಕೆ ತಿರುಗಿ, ಪೇಟೆಯ ಧಾರಣೆಗೆ ಬಲಕ್ಕೆ ತಿರುಗಿದರೆ ಹೊಣೆ ಯಾರು? ಕಣದಲ್ಲಿ ರಾಶಿ ಮಾಡುವಾಗ ನಟ್ಟ ನಡುವೆ ಮೇಟಿ ಎಂಬ ಕಂಬ ಹುಗಿದು, ಎತ್ತುಗಳನ್ನು ಹಗ್ಗದಿಂದ ಅದಕ್ಕೆ ಕಟ್ಟಿ ಸುತ್ತ ತಿರುಗಿಸುತ್ತಾರಲ್ಲ, ಕಾರನ್ನೂ ಹಾಗೆಯೇ ತಿರುಗಿಸುವುದೆಂದು ತೀರ್ಮಾನವಾಯಿತು.

ಬೇಸಿಗೆಯ ರಜೆಗೆ ಬಂದ ಸಾಹೇಬರ ತಮ್ಮ, ಸೀರೆಗಳ ನಡುವೆ ಸುತ್ತಿ ಕಾರನ್ನು ತಂದ. ಮೊದಲ ರಾತ್ರಿ ಮಾಮಾ ಅದರ ಮೇಲೆ ಎಲೆಯ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಒರಳಿನ ಗುಂಡು ಏರಿಸಿದ. ಎಣ್ಣೆಯೇ ಇಲ್ಲದ ಕಾರು ಎಲ್ಲಿಗೆ ಹೋಗುತ್ತದೆ ಎಂದು ಮಾಮಿ ಕೇಳಿದರೆ, ಅಡುಗೆಮನೆಯಲ್ಲಿ ಎಣ್ಣೆ ಇದೆಯಲ್ಲ ಎಂದ. ಮುಂದಿನ ದಿನಗಳಲ್ಲಿ ಚಿಕಿತ್ಸೆ ನಿಧಾನವಾಗಿ ಸಾಗಿತು. ಮೊದಲು ಬುಟ್ಟಿಯ ಸಂದಿಯಿಂದ ನೋಡಿದ. ಆಮೇಲೆ ಬುಟ್ಟಿ ತೆಗೆದು ನೋಡಿದ. ಕಾರಹುಣ್ಣಿಮೆಯ ಹೊತ್ತಿಗೆ ಅಂಗೈ ಇಟ್ಟು, ಸುಟ್ಟವನ ಹಾಗೆ ಹಿಂದೆ ತೆಗೆದುಕೊಂಡ.

ಎಂಜಿನ್ನು ಹಚ್ಚುವ ದಿನ ಮಾತ್ರ ಮುಂದೆ ಮುಂದೆ ಹೋಗಿ, ಕೊನೆಗೆ ಪಂಚಮಿ ಬಾಗಿಲಿಗೇ ಬಂದು ನಿಂತಿತು. ನಾನು ಹಾನಗಲ್ಲಿನಿಂದ ಬಂದೆ. ಇನ್ನು ತಡೆಯುವಂತಿರಲಿಲ್ಲ. ಮಳೆ ಬಿಡುವು ಕೊಟ್ಟ ಮಧ್ಯಾಹ್ನ ಸಾಹೇಬರು ಹುಬ್ಬಳ್ಳಿಯಿಂದ ತರಿಸಿದ ಸ್ಪಿರಿಟ್ಟಿಗೆ ಔಡಲೆಣ್ಣೆ ಬೆರೆಸಿ ಕಾರಿಗೆ ಕುಡಿಸಿದರು. ಹಿತ್ತಲಲ್ಲಿ ಜಾಲಿಯ ಮೇಟಿ ಹುಗಿದಾಗಿತ್ತು. ಮಾಮಾ ತಾನೇ ಹಗ್ಗ ಕಟ್ಟಿದ. ಆಮೇಲೆ ಎಲ್ಲಿ ನಿಲ್ಲಬೇಕೆಂದು ದೀರ್ಘವಾಗಿ ಆಲೋಚಿಸಿ, ಮೇಟಿಯ ಬುಡಕ್ಕೇ ಹೋಗಿ ಬೆನ್ನು ಕೊಟ್ಟು ನಿಂತ. "ಮೇಟಿ ಸುತ್ತೂ ಎತ್ತು ಮೇಟಿಗೆ ಹಾಯ್ದದ್ದು ಎಲ್ಲ್ಯರೆ ನೋಡೀಯೇನು?" ಎಂದು ನನ್ನನ್ನು ಕೇಳಿದ. ನಾನು ನೋಡಿರಲಿಲ್ಲ.

ಸಾಹೇಬರು ಎಂಜಿನ್ನಿಗೆ ಬ್ಯಾಟರಿ ಶೆಲ್ಲಿನ ತಂತಿ ತಾಗಿಸಿ, ದಾರ ಎಳೆದು, ಕಾರು ಬಿಟ್ಟು, ನಾನೂ ಮಾಮಿಯೂ ನಿಂತಿದ್ದ ಹಿಂಬದಿಯ ಪಡಸಾಲೆಗೆ ಓಡಿ ಬಂದರು. ಆ ಸಪ್ಪಳವನ್ನು ನಾನು ಹೇಗೆ ವರ್ಣಿಸಲಿ? ಸಾವಿರ ಜೀರುಂಡೆಗಳಿಗೆ ಒಮ್ಮೆಗೇ ಹಲ್ಲುನೋವು ಬಂದ ಹಾಗಿತ್ತು! ಗೋಡೆಯ ಮೇಲೆ ಸಾಲಾಗಿ ಕೂತಿದ್ದ ಓಣಿಯ ಹುಡುಗರು ಸಪ್ಪಳಕ್ಕೆ ಕದಲಲಿಲ್ಲ. ಸುಟ್ಟ ಔಡಲೆಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ, ಹೊಟ್ಟೆ ತೊಳೆಯಲು ಅವ್ವಂದಿರು ಕುಡಿಸುವ ಲೋಟ ನೆನಪಾಗಿ, ಒಬ್ಬರೂ ಉಳಿಯದಂತೆ ಪರಾರಿಯಾದರು.

ಕಾರು ಮೇಟಿಯ ಸುತ್ತ ಹೊರಟಿತು. ಹಗ್ಗ ಕಾಲಿನ ಹತ್ತಿರ ಬಂದಾಗ ಮಾಮಾ ಕುಂಟಾಟದ ಹುಡುಗಿಯಂತೆ ಎಗರಿದ. ಮತ್ತೆ ಬಂತು, ಮತ್ತೆ ಎಗರಿದ. ಆಗ ನನಗೆ ಕಂಡಿತು. ಭತ್ತ ಬೆಳೆಯುವ ನಮ್ಮ ಹಾನಗಲ್ಲಿನಲ್ಲಿ ಮಕ್ಕಳಿಗೂ ಗೊತ್ತು: ಮೇಟಿಗೆ ಹಗ್ಗವನ್ನು ಬಿಗಿದು ಕಟ್ಟುವುದಿಲ್ಲ, ಸಡಿಲ ಬಳೆ ಮಾಡಿ ಹಾಕುತ್ತಾರೆ, ಎತ್ತಿನ ಜೊತೆ ಅದೂ ತಿರುಗಲಿ ಎಂದು. ಮಾಮಾ ಎಲೆತೋಟದವ. ಆತನಿಗೆ ಗೊತ್ತಿದ್ದದ್ದು ಎಲೆಯ ಪೆಂಡಿಯ ಗಂಟು, ಮುಂಬೈ ಮುಟ್ಟಿದರೂ ಬಿಚ್ಚದ ಗಂಟು! ಹಗ್ಗ ಕಂಬಕ್ಕೆ ಸುತ್ತಿಕೊಳ್ಳುತ್ತಿತ್ತು. ಸುತ್ತಿಗೊಮ್ಮೆ ಕಾರು ಹತ್ತಿರ ಬರುತ್ತಿತ್ತು.

ಮಾಮಾನಿಗೂ ಅದು ತಿಳಿಯಿತು. ಅಷ್ಟರಲ್ಲಿ ಹಗ್ಗ ಆತನ ಮೀನಖಂಡಗಳನ್ನೂ ಸೇರಿಸಿ ಮೇಟಿಗೆ ಬಿಗಿದಿತ್ತು. ಕಾರು ಚೀರುತ್ತ, ತನ್ನ ಸುತ್ತು ಕಿರಿದು ಮಾಡುತ್ತ ಬಂತು. ನಾನು ಹಿತ್ತಲಿಗೆ ಇಳಿದೆ ಎಂದು ಬರೆಯಲು ಆಸೆ. ಇಳಿಯಲಿಲ್ಲ. ಮಾಮಾನ ಮುಖದ ಮೇಲಿನ ಭಯ ನನಗೂ ಅಂಟಿ, ಪಡಸಾಲೆಯ ಕಂಬ ಹಿಡಿದು ನಿಂತಿದ್ದೆ. ಕಡೆಯ ಸುತ್ತು ಮುಗಿದು, ಕಾರು ಆತನ ಪಾದಕ್ಕೆ ಮೂತಿ ಹಚ್ಚಿ, ಅಲ್ಲೇ ಗಾಲಿ ತಿರುಗಿಸುತ್ತ ಆರ್ಭಟಿಸತೊಡಗಿತು.

"ಹೊಗಿ ಕೊಳವಿ ಮುಚ್ರಿ," ಎಂದು ಸಾಹೇಬರು ಕೂಗಿದರು. "ಉಸಿರು ಕಟ್ಟಿದ್ರ ನಿಲ್ತೈತಿ."

ಮುಚ್ಚುವವರು ಯಾರು? ಸಾಹೇಬರು ನನ್ನನ್ನು ನೋಡಿದರು, ನಾನು ಮಾಮಿಯನ್ನು ನೋಡಿದೆ, ಮಾಮಿ ದೇವರನ್ನು ನೋಡಿದಳು. ಮಾಮಾ ಯಾರನ್ನೂ ನೋಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಬಗ್ಗಿ, ಧೋತರದ ಚುಂಗನ್ನು ಮುದ್ದೆ ಮಾಡಿ ಕೊಳವೆಗೆ ಒತ್ತಿ ಹಿಡಿದ. ಎಂಜಿನ್ನು ಒಮ್ಮೆ ಕೆಮ್ಮಿತು, ಬಿಕ್ಕಿತು, ನಿಂತಿತು.

ನಾವು ಹಗ್ಗ ಬಿಚ್ಚಿದೆವು. ಮಾಮಿ ನೀರು ತಂದಳು. ಅಂಜಿಕೆ ಹೋಯಿತೇ ಎಂದು ಸಾಹೇಬರು ಮೆಲ್ಲಗೆ ಕೇಳಿದರು.

"ಎಲ್ಲಿ ಹೋಗ್ತೈತ್ರಿ. ಇನ್ನಷ್ಟು ಆತು." ಮಾಮಾ ನೀರು ಕುಡಿದು ತಂಬಿಗೆ ಕೆಳಗಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಮುಂಜಾನೆ ಮೊದಲನೇ ಬಸ್ ಎಷ್ಟಕ್ಕ ಐತಿ?" ಅಂದ.

ಮರುದಿನ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವ ಮೊದಲೇ ಮಾಮಾ ಕಣ್ಣು ಮುಚ್ಚಿದ. ಎಂಜಿನ್ನು ಚಾಲೂ ಆದಾಗ ನನ್ನ ಮುಂಗೈ ಹಿಡಿದ ಆತನ ಬೆರಳುಗಳ ಗುರುತು ಬಹಳ ದಿನ ಹೋಗಲಿಲ್ಲ. ಹಾವೇರಿಯಲ್ಲಿ ಬಸ್ಸು ಬದಲಿಸುವಾಗಲೂ ಕಣ್ಣು ತೆರೆಯಲಿಲ್ಲ. ನಾನು ಕೈ ಹಿಡಿದು ನಡೆಸಿದೆ. ಕಣ್ಣಿಲ್ಲದ ಹಿರಿಯರೆಂದು ಜನ ದಾರಿ ಬಿಟ್ಟರು, ಒಬ್ಬ ಹೆಣ್ಣುಮಗಳು ಎದ್ದು ಸೀಟು ಕೊಟ್ಟಳು, ಕಂಡಕ್ಟರು ಹುಟ್ಟಿನಿಂದಲೇ ಹೀಗೆಯೇ ಎಂದು ಮರುಕದಿಂದ ವಿಚಾರಿಸಿದ. ಹುಟ್ಟಿನಿಂದಲೇ ಎಂದೆ. ಸುಳ್ಳೇನಲ್ಲ. ಪ್ರತಿ ತಿರುವಿನಲ್ಲೂ ಮಾಮಾ ಮಗಳ ಹೆಸರನ್ನು ದೇವರ ಹೆಸರಿನಂತೆ ಬಾಯಲ್ಲೇ ಅನ್ನುತ್ತಿದ್ದ.

ಹಿರೇಕೆರೂರಿನಲ್ಲಿ ಇಳಿದೆವು. ಕರೆಯಲು ನಾನೇ ಬರುತ್ತೇನೋ ಅಪ್ಪ ಬರುತ್ತಾನೋ ಎಂದು ಮಗಳು ಮನೆಯಲ್ಲಿ ತಡೆಯಲಾರದೆ ಸ್ಟ್ಯಾಂಡಿಗೇ ಬಂದು ನಿಂತಿದ್ದಳು, ಜೊತೆಗೆ ಅತ್ತೆಯನ್ನೂ ಕರೆದುಕೊಂಡು. ಹಿಂದೆ ಬಸ್ಸು ಹೊಗೆ ಬಿಟ್ಟು ಹೊರಟು ಹೋಯಿತು. ಮಾಮಾ ನೆಟ್ಟ ಮೇಟಿಯಂತೆ ನಿಂತಿದ್ದ, ಮುಚ್ಚಿದ ಕಣ್ಣು ಮುಚ್ಚಿದಂತೆಯೇ. ಅವಳು ಹತ್ತಿರ ಬಂದು ಆತನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು.

"ಅಪ್ಪಾ, ಕಣ್ಣು ತಗಿ. ಊರು ಬಂತು."

"ಅಂಜಿಕಿ ಆಗ್ತೈತವಾ," ಅಂದ ಮಾಮಾ. "ಕಣ್ಣು ತಗದ್ರ ಇನ್ನೂ ಸವಣೂರಾಗ ಇದ್ರ?"

"ಸವಣೂರಾಗ ನಾ ಎಲ್ಲಿ ಇರ್ತೇನಪಾ?" ಅಂದಳು ಮಗಳು.

ಮಾಮಾ ಕಣ್ಣು ತೆರೆದ.