ಮಕರಪುರದ ಸರ್ವರ್‌ಗೆ ಏಳು ಮಾರ್ಕ್ಸು

ನಗು ಬರುವಂಥ ಸಂಗತಿಗಳು ನಮ್ಮ ಕಚೇರಿಯಲ್ಲಿ ನಡೆಯುತ್ತಲೇ ಇರುತ್ತವೆ. ಆದರೆ ಯಾವಾಗ ನೋಡಿದರೂ ಯಾರದೋ ಕಣ್ಣಲ್ಲಿ ನೀರಿರುವ ಹೊತ್ತಿಗೇ ನಡೆಯುತ್ತವೆ. ಇದು ಯಾಕೆ ಹೀಗೆ ಎಂದು ದೇವರನ್ನು ಕೇಳಿದ್ದೇನೆ. ಅವನು ಇನ್ನೂ ಹೇಳಿಲ್ಲ. ಹೇಳುತ್ತಾನೆ, ಅವಸರವಿಲ್ಲ.

ನಮ್ಮದು ಹಳೆಯ ಕಡತಗಳನ್ನು ಕಂಪ್ಯೂಟರಿನಲ್ಲಿ ಕಾಯ್ದಿಡುವ ಸರ್ಕಾರಿ ಕಚೇರಿ. ನಾನು ಹಾವೇರಿ ಕಡೆಯವನು, ವರ್ಗವಾಗಿ ಗುಜರಾತಿಗೆ ಬಂದು ಹದಿನೆಂಟು ವರ್ಷವಾಯಿತು, ಮನೆ ಅಹಮದಾಬಾದಿನ ಮಣಿನಗರದಲ್ಲಿ. ಅಹಮದಾಬಾದ್, ಸೂರತ್, ವಡೋದರಾದ ಮಕರಪುರ, ಹೀಗೆ ಮೂರು ಕಡೆ ನಮ್ಮ ಸರ್ವರ್ ಕೋಣೆಗಳಿದ್ದವು. ಹೋದ ವರ್ಷ ಮೇಲಿನಿಂದ ಸುತ್ತೋಲೆ ಬಂತು. ಮೂರರಲ್ಲಿ ಒಂದನ್ನು ಮುಚ್ಚಬೇಕು. ಯಾವುದು ಎಂಬುದನ್ನು ಯಂತ್ರಗಳ ಪರ್ಫಾರ್ಮೆನ್ಸ್ ನೋಡಿ ತೀರ್ಮಾನಿಸಬೇಕು. ಆ ಪರ್ಫಾರ್ಮೆನ್ಸ್ ಅಳೆದು ಕೊಡುವ ಕೆಲಸ ನನ್ನ ತಲೆಗೆ ಬಂತು.

ಮಕರಪುರದ ಕೋಣೆ ನೋಡಿಕೊಳ್ಳುವವರು ಒಬ್ಬ ಹೆಣ್ಣುಮಗಳು. ಇಲ್ಲಿ ಹೆಂಗಸರನ್ನೆಲ್ಲ ಬೆನ್ ಎಂದು ಕರೆಯುತ್ತಾರೆ, ನಮ್ಮಲ್ಲಿ ಅಕ್ಕಾ ಅಂದ ಹಾಗೆ. ಅವರ ಯಜಮಾನರಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಗಿದೆ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಬೆನ್ ಸ್ಕೂಟರಿನಲ್ಲಿ ಮನೆಗೆ ಹೋಗಿ, ಅವರಿಗೆ ಊಟ ಮಾಡಿಸಿ, ಎರಡಕ್ಕೆ ವಾಪಸು ಬರುತ್ತಾರೆ. ಮಕರಪುರ ಮುಚ್ಚಿದರೆ ಬೆನ್‌ರನ್ನು ಸೂರತ್ತಿಗೆ ಹಾಕುವುದು ಖಂಡಿತ. ಸೂರತ್ತಿನಿಂದ ವಡೋದರಾಕ್ಕೆ ಬಂದು ತುತ್ತು ತಿನ್ನಿಸಿ ಹೋಗಲು ಸ್ಕೂಟರ್ ಸಾಲದು.

ಶ್ರೀಕಾರ

ಕೆಲಸ ಏನೆಂದರೆ, ಕಪ್ಪು ಪರದೆಯ ಮೇಲೆ ಒಂದು ಸಾಲಿನ ಕಮಾಂಡ್ ಕೊಡುವುದು. ಅದು ನಿಮಿಷಕ್ಕೊಮ್ಮೆ ಯಂತ್ರದ ನಾಡಿ ಹಿಡಿದು ನೋಡುತ್ತದೆ: ನೂರಕ್ಕೆ ಎಷ್ಟು ಪಾಲು ದುಡಿಯುತ್ತಿದೆ, ಮೆಮೊರಿ ಎಷ್ಟು ತುಂಬಿದೆ, ಡಿಸ್ಕ್ ಎಷ್ಟು ಓಡುತ್ತಿದೆ. ನೋಡಿದ ಅಂಕಿಗಳನ್ನು ಅಹಮದಾಬಾದಿನ ಒಂದು ಡೇಟಾಬೇಸಿಗೆ ಕಳಿಸುತ್ತದೆ. ಹುಡುಕುವುದಕ್ಕೆಂದೇ ಮಾಡಿದ ಡೇಟಾಬೇಸು ಅದು. 'ಸೂರತ್, ಮಂಗಳವಾರ, ಹನ್ನೊಂದು ಗಂಟೆ' ಎಂದು ಕೇಳಿದರೆ ಆ ಹೊತ್ತಿನಲ್ಲಿ ಯಂತ್ರ ಏನು ಮಾಡುತ್ತಿತ್ತು ಎಂದು ತಂದು ಎದುರಿಗಿಡುತ್ತದೆ. ಒಟ್ಟಿನಲ್ಲಿ ಚಿತ್ರಗುಪ್ತನ ಕೆಲಸ.

ನಾನು ಕಾಗದ ಬರೆದರೂ ಕಿರಾಣಿ ಚೀಟಿ ಬರೆದರೂ ಮೇಲೆ ಶ್ರೀ ಹಾಕದೆ ಮುಂದೆ ಹೋಗುವವನಲ್ಲ. ಇದಂತೂ ಒಂದು ಸಂಸಾರದ ಅನ್ನದ ವಿಷಯ. ಕಳಿಸುವ ಅಂಕಿಗಳ ಮೊದಲ ಸಾಲಿಗೇ ಶ್ರೀ ಹಾಕಿ, ಕಣ್ಣು ಮುಚ್ಚಿ ಎಂಟರ್ ಒತ್ತಿದೆ.

ಮರುದಿನ ಹುಡುಕಿದರೆ ಡೇಟಾಬೇಸು ಖಾಲಿ. ಕಳಿಸಿದ್ದೆಲ್ಲ 'ಸ್ವೀಕರಿಸಲಾಗಿಲ್ಲ' ಎಂದು ಹಿಂದಕ್ಕೆ ಬಂದಿತ್ತು. ನಿಮಿಷಕ್ಕೊಂದರ ಹಾಗೆ ಒಂದೊಂದು ಯಂತ್ರದಿಂದ ಸಾವಿರದ ನಾನೂರ ನಲವತ್ತು ಸಲ. ಭಗವಂತ ನನ್ನನ್ನು ಇಷ್ಟು ಸಲ ಬೇಡ ಎಂದದ್ದು ಅದೇ ಮೊದಲು. ಊಟ ಸೇರಲಿಲ್ಲ. ಮೂರು ದಿನ ದೇವರ ಮುಂದೆ ಕೂತು, ನನ್ನ ತಪ್ಪೇನು ಹೇಳಪ್ಪಾ ಎಂದು ಕೇಳಿಕೊಂಡೆ.

ನಾಲ್ಕನೆಯ ದಿನ ಮಗಳು ಬಂದು ಇಣುಕಿದಳು. ಇಲ್ಲೇ ಹುಟ್ಟಿ ಬೆಳೆದವಳು. ಗುಜರಾತಿಯನ್ನು ಮಜ್ಜಿಗೆಯಂತೆ ಕುಡಿಯುತ್ತಾಳೆ, ಕನ್ನಡವನ್ನು ಕಷಾಯದಂತೆ.

"ಪಪ್ಪಾ, ಇದು ನಂಬರ್ ಜಾಗ. ಫಸ್ಟ್ ಲೈನಲ್ಲಿ ದೇವರು ಇದೆ."

"ಇರಲಿ ಬಿಡವ್ವಾ. ದೇವರು ಎಲ್ಲಾ ಕಡೆ ಇರ್ತಾನ."

"ಇರ್ತಾನೆ. ಆದ್ರೆ ದೇವರು ನಂಬರ್ ಅಲ್ಲ ಅಲ್ವಾ? ಅದಕ್ಕೇ ಬೇಡ ಅಂತಾ ಇದೆ."

ಶ್ರೀಯನ್ನು ಅಂಕಿಗಳಿಂದ ತೆಗೆದು ಕಮಾಂಡಿನ ಕಡತದ ಮೇಲ್ತುದಿಗೆ, ಯಂತ್ರ ಓದದೆ ಬಿಡುವ ಟಿಪ್ಪಣಿಯ ಸಾಲಿಗೆ ಸರಿಸಿದೆ. ಎಲ್ಲ ಸರಾಗವಾಗಿ ಹೋಗತೊಡಗಿತು.

"ಯಂತ್ರ ಓದದಿದ್ದರ ಏನಾತು, ದೇವರು ಓದ್ತಾನ," ಎಂದು ಸಮಾಧಾನ ಮಾಡಿಕೊಂಡೆ.

ಮಗಳು ಹೇಳಿದಳು: "ಮತ್ತೆ ಮೂರು ದಿನ ಅವನು ಎರರ್ ಕೂಡ ಓದಿದಾನೆ. ನಿಂಗೆ ಯಾಕೆ ಹೇಳಿಲ್ಲ?"

ಡಿಸ್ಟಿಂಕ್ಷನ್ನು

ನಮ್ಮ ಸಾಹೇಬರು ಮಂಡ್ಯ ಕಡೆಯವರು. ನನ್ನ ಹಣೆಯ ನಾಮ ನೋಡಿ ನನ್ನನ್ನು 'ಸ್ವಾಮಿಗಳೇ' ಎನ್ನುತ್ತಾರೆ. ಮೊದಲ ವಾರದ ವರದಿ ಅವರ ಮೇಜಿನ ಮೇಲಿಟ್ಟೆ. ಸೂರತ್ತಿನ ಯಂತ್ರ ತೊಂಬತ್ತಾರು, ಅಹಮದಾಬಾದಿನದು ಅರವತ್ತೊಂದು, ಮಕರಪುರದ್ದು ಏಳು.

"ಭೇಷ್! ಸೂರತ್ತು ಡಿಸ್ಟಿಂಕ್ಷನ್ನು. ನಾವು ಫಸ್ಟ್ ಕ್ಲಾಸು. ಇದೇನ್ ಸ್ವಾಮಿಗಳೇ ಮಕರಪುರ? ಏಳಾ? ನೂರಕ್ಕಾ?"

"ಸರ್, ಇದು ಮಾರ್ಕ್ಸಲ್ಲ. ಯಂತ್ರ ಎಷ್ಟು ಏದುಸಿರು ಬಿಡ್ತಾ ಇದೆ ಅನ್ನೋ ಅಳತೆ. ಜ್ವರ ಇದ್ದ ಹಾಗೆ. ಹೆಚ್ಚಾದಷ್ಟೂ ಕೆಟ್ಟದ್ದು."

"ಜ್ವರಾನ ಪರ್ಸೆಂಟಲ್ಲಿ ಅಳೀತಾರೇನ್ರೀ? ನಾನು ಎಸ್ಸೆಸ್ಸೆಲ್ಸೀಲಿ ನಲವತ್ತೊಂದು ಪರ್ಸೆಂಟ್ ತಗೊಂಡೋನು. ಪರ್ಸೆಂಟು ಅಂದ್ರೇನು ಅಂತ ನಂಗೆ ಹೇಳ್ಕೊಡ್ಬೇಡಿ."

ಸೂರತ್ತಿನ ತೊಂಬತ್ತಾರರ ಮೂಲ ಹುಡುಕಿದೆ. ಯಾರೋ ಯಾವತ್ತೋ ಶುರು ಮಾಡಿ ನಿಲ್ಲಿಸಲು ಮರೆತ ಒಂದು ಪ್ರೋಗ್ರಾಂ. ಸಿಬ್ಬಂದಿಯ ರಜೆಗಳನ್ನು ಕೂಡುವುದು, ಕೂಡಿ ಆದಮೇಲೆ ಮತ್ತೆ ಮೊದಲಿನಿಂದ ಕೂಡುವುದು. ಅಷ್ಟೇ ಅದರ ಡಿಸ್ಟಿಂಕ್ಷನ್ನು. ಅಷ್ಟರಲ್ಲಿ ಸುದ್ದಿ ತಿಳಿದು, ಸೂರತ್ತಿನ ಕೋಣೆ ನೋಡಿಕೊಳ್ಳುವ ಭಾಯಿ ಒಂದು ಡಬ್ಬಿ ಘಾರಿ ಕಳಿಸಿಬಿಟ್ಟಿದ್ದ. ಮೇಲೆಲ್ಲ ತುಪ್ಪ ಗಟ್ಟಿಯಾಗಿ ಕೂತ ಆ ಊರಿನ ಸಿಹಿ. ನಾನು ಫೋನ್ ಮಾಡಿದೆ.

"ಜೈ ಶ್ರೀಕೃಷ್ಣ ಸಾಹೇಬ್! ಘಾರಿ ಮುಟ್ಟಿತಾ?"

"ಜೈ ಶ್ರೀಕೃಷ್ಣ ಭಾಯಿ, ಮುಟ್ಟಿತು. ನಿಮ್ಮಲ್ಲಿ ಒಂದು ಪ್ರೋಗ್ರಾಂ ಸುಮ್ಮನೆ ಸುತ್ತುತ್ತಾ ಇದೆ. ಅದನ್ನು ನಿಲ್ಲಿಸಬೇಕಿತ್ತು."

"ನಿಲ್ಲಿಸಿದರೆ ಮಾರ್ಕ್ಸ್ ಎಷ್ಟಾಗುತ್ತೆ?"

"ಮೂರು."

ಭಾಯಿ ತಕ್ಷಣ ಅಂದ: "ಹಾಗಾದರೆ ಘಾರಿ ವಾಪಸು ಕಳಿಸಿ."

ನಾನಾಗಲೇ ನೈವೇದ್ಯ ಮಾಡಿಬಿಟ್ಟಿದ್ದೆ. ಹೀಗಾಗಿ ಪ್ರೋಗ್ರಾಂ ಸುತ್ತುತ್ತಲೇ ಇತ್ತು.

ಕೆಲಸ ಮುಗಿಸುವ ಚಾಳಿ

ಮಕರಪುರಕ್ಕೆ ಹೋಗಿ ವಿಷಯ ತಿಳಿಸಲೇಬೇಕಾಯಿತು. ಸುತ್ತ ಕಾರ್ಖಾನೆಗಳ ಗದ್ದಲ. ಬೆನ್ ಅವರ ಕೋಣೆ ಮಾತ್ರ ಗರ್ಭಗುಡಿಯ ಹಾಗೆ ತಣ್ಣಗಿರುತ್ತದೆ. ಕಡತಗಳೆಲ್ಲ ಒಪ್ಪವಾಗಿವೆ, ಬೇಡದ ಪ್ರೋಗ್ರಾಂ ಒಂದೂ ಇಲ್ಲ. ಹನ್ನೆರಡು ವರ್ಷದಲ್ಲಿ ಆ ಯಂತ್ರ ಒಂದು ದಿನ ನಿಂತದ್ದಿಲ್ಲ. ಅದಕ್ಕೇ ಏಳು.

ಬೆನ್ ಪೂರ್ತಿ ಕೇಳಿಸಿಕೊಂಡರು. "ಅವರು ಬೇರೆಯವರ ಕೈಯಲ್ಲಿ ಉಣ್ಣಲ್ಲ ಭಾಯಿ. ನನ್ನ ತಂಗಿ ಬಂದು ತಿನ್ನಿಸಿದರೂ ಬಾಯಿ ಬಿಗಿ ಹಿಡೀತಾರೆ," ಎಂದರು. ಆಮೇಲೆ ಕೇಳಿದರು: "ಆ ಏಳರ ಪಕ್ಕದಲ್ಲಿ ನೀವು ಇನ್ನೊಂದು ಏಳು ಹಾಕೋಕಾಗಲ್ವಾ?"

"ಸಂಜೆ ದೇವರಿಗೆ ದೀಪ ಹಚ್ಚೋದೂ ಇದೇ ಕೈ ಬೆನ್."

"ಹಾಗಾದರೆ ಬೇಡ," ಎಂದರು. ಅವರು ಜಗಳವಾಡಿದ್ದರೆ ಚೆನ್ನಾಗಿತ್ತು. ಅಷ್ಟು ಬೇಗ ಒಪ್ಪಿದ್ದು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಸುಳ್ಳು ಬೇಡ, ನಿಜವಾದ ಕೆಲಸವನ್ನೇ ಕೊಡೋಣ ಎಂದು ನಾನೇ ಹೇಳಿದೆ. ಹನ್ನೆರಡು ವರ್ಷದ ಕಡತಗಳನ್ನೆಲ್ಲ ಮತ್ತೊಮ್ಮೆ ತಾಳೆ ನೋಡು ಎಂದು ಯಂತ್ರಕ್ಕೆ ಆಜ್ಞೆ ಕೊಟ್ಟೆವು. ಏಳು ಇದ್ದದ್ದು ಇಪ್ಪತ್ತಾಯಿತು. ನಲವತ್ತೆಂಟಾಯಿತು. ಎಂಬತ್ತೊಂದು! ಪರದೆಯ ಮುಂದೆ ಇಬ್ಬರೂ ಕೈ ಮುಗಿದು ನಿಂತೆವು. ನಾಲ್ಕೇ ನಿಮಿಷ. ಯಂತ್ರ ತಾಳೆ ನೋಡುವುದನ್ನು ಮುಗಿಸಿ, ತಪ್ಪೇನೂ ಸಿಗಲಿಲ್ಲ ಎಂದು ತಿಳಿಸಿ, ಏಳಕ್ಕೆ ಬಂದು ಸುಮ್ಮನೆ ಕೂತಿತು.

ಬೆನ್ ಹಣೆಗೆ ಕೈ ಹಚ್ಚಿಕೊಂಡರು. "ಇದಕ್ಕೆ ಕೆಲಸ ಕೊಟ್ಟರೆ ಮುಗಿಸಿಬಿಡುತ್ತೆ ಭಾಯಿ! ಹೀಗಾದರೆ ಸರ್ಕಾರಿ ನೌಕರಿಯಲ್ಲಿ ಹೇಗೆ ಉಳಿಯುತ್ತೆ?"

ಫೈಲಿಗೆ ಹಾಕಬೇಕು

ಎಲ್ಲವನ್ನೂ ವಿವರಿಸಿ ಹದಿನಾಲ್ಕು ಪುಟದ ಟಿಪ್ಪಣಿ ಬರೆದುಕೊಟ್ಟೆ. ಸಾಹೇಬರು ತೂಕ ನೋಡುವವರಂತೆ ಅದನ್ನು ಕೈಯಲ್ಲಿ ಹಿಡಿದರು.

"ಅಂಕಿಗಳೆಲ್ಲಿ?"

"ಡೇಟಾಬೇಸಲ್ಲಿವೆ ಸರ್. ಯಾವ ನಿಮಿಷದ್ದು ಬೇಕು ಕೇಳಿ, ಹುಡುಕಿ ತೋರಿಸ್ತೀನಿ."

"ನಂಗ್ಯಾವ ನಿಮಿಷಾನೂ ಬೇಡ. ಎಲ್ಲಾ ಪ್ರಿಂಟ್ ತೆಗೆದು, ಪುಟಪುಟಕ್ಕೂ ಸಹಿ ಮಾಡಿ ಕೊಡಿ."

"ಸರ್, ನಿಮಿಷಕ್ಕೊಂದು ಸಾಲು, ಮೂರು ಊರು. ಪ್ರಿಂಟಲ್ಲಿ ಏನೂ ಹುಡುಕೋಕಾಗಲ್ಲ."

"ಯಾರು ಹುಡುಕ್ತಾರೆ? ಫೈಲಿಗೆ ಹಾಕ್ಬೇಕು."

ಎರಡು ದಿನ ಪ್ರಿಂಟರ್ ಕಿರುಚಿತು. ಪುಟಕ್ಕೊಂದು ಸಹಿ ಮಾಡುತ್ತ ಪುಟಕ್ಕೊಂದು ನಾಮಸ್ಮರಣೆ ಮಾಡಿಕೊಂಡೆ. ಅಷ್ಟು ಪುಣ್ಯವಾದರೂ ಬಂದಿರಬಹುದು. ಇಷ್ಟೆಲ್ಲ ಪ್ರಿಂಟಿಗೆ ಸಿದ್ಧಮಾಡುವ ಭಾರಕ್ಕೆ ನಮ್ಮ ಅಹಮದಾಬಾದಿನ ಯಂತ್ರ ಅರವತ್ತೊಂದರಿಂದ ಎಂಬತ್ತೆಂಟಕ್ಕೆ ಹತ್ತಿ ಬುಸುಗುಟ್ಟತೊಡಗಿತು. ನಾನು ಗಾಬರಿಯಾಗಿ ಸಾಹೇಬರ ಬಳಿ ಓಡಿದೆ.

ಅವರು ಸಂತೋಷದಿಂದ ಕುರ್ಚಿಗೆ ಒರಗಿದರು. "ನೋಡಿದ್ರಾ? ಪರೀಕ್ಷೆ ಹತ್ರ ಬಂತು ಅಂತ ನಮ್ಮೋನು ಓದೋಕೆ ಕೂತ."

ಫಲಿತಾಂಶ

ಸಹಿ ಹಾಕುವ ಮುಂಚೆ ಮುಚ್ಚುವ ಜಾಗವನ್ನು ಕಣ್ಣಾರೆ ನೋಡಬೇಕೆಂಬ ನಿಯಮವಿತ್ತು. ಸಾಹೇಬರೂ ನಾನೂ ಬೆಳಗಿನ ರೈಲಿಗೆ ವಡೋದರಾಕ್ಕೆ ಹೊರಟೆವು. ಅವರು ದಾರಿಯುದ್ದಕ್ಕೂ ಢೋಕ್ಲಾದಂಥ ಖಮಣ ತಿಂದರು, ನಾನು ಜಪ ಮಾಡಿದೆ. ಆಣಂದ್ ದಾಟುವ ಹೊತ್ತಿಗೆ ಜಪ ಎಲ್ಲೋ ತಪ್ಪಿಹೋಗಿ ಭಯ ಮಾತ್ರ ಉಳಿದಿತ್ತು. ನಾನು ಕೊಟ್ಟದ್ದು ಒಂದೇ ಸಾಲಿನ ಕಮಾಂಡು. ಅದು ನಿಮಿಷ ನಿಮಿಷಕ್ಕೂ ಸತ್ಯವನ್ನೇ ಹೇಳಿತ್ತು. ಆ ಸತ್ಯದಿಂದಲೇ ಒಬ್ಬ ಮನುಷ್ಯನ ಮಧ್ಯಾಹ್ನದ ಊಟ ತಪ್ಪುವುದಿತ್ತು.

ಬೆನ್ ಚಹಾ ಕೊಟ್ಟರು. ಸಾಹೇಬರು ಫೈಲು ಬಿಚ್ಚಿ, ತಮ್ಮ ಹಿಂದಿಯಲ್ಲಿ, ಮೆತ್ತಗೇ ಹೇಳಿದರು.

"ಬೆನ್, ಏಳು ಬಂದಿದೆ. ಪಾಸಾಗೋಕೆ ಮೂವತ್ತೈದು ಬೇಕು. ನಾನೇನು ಮಾಡಲಿ?" ಜೇಬಿನಿಂದ ಪೆನ್ನು ತೆಗೆದರು.

ನಾನು ಬಾಯಿ ತೆರೆದೆ. "ಮತ್ತೆ ಜ್ವರದ ಕಥೆ ಬೇಡ ಸ್ವಾಮಿಗಳೇ," ಎಂದು ಕೈ ಎತ್ತಿದರು.

ಬೆನ್ ಕೈ ಒರೆಸಿಕೊಂಡು ಮುಂದೆ ಬಂದರು. "ಸಾಹೇಬ್, ಒಂದು ಮಾತು. ನನ್ನ ಮೈದುನ ಒಂಬತ್ತನೇ ಕ್ಲಾಸಲ್ಲಿ ಫೇಲಾದ."

"ಹೂಂ?"

"ಅವನು ಫೇಲಾದ ಅಂತ ಹೆಡ್‌ಮಾಸ್ತರು ಕ್ಲಾಸಿಗೇ ಬೀಗ ಹಾಕಲಿಲ್ಲ."

"ಯಾಕೆ ಹಾಕ್ತಾರೆ? ಅದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಿಸ್ತಾರೆ."

"ಪಾಸಾದ ಹುಡುಗರನ್ನ?"

"ಅವರು ಆ ಕೋಣೆ ಬಿಟ್ಟು ಮುಂದಿನ ಕ್ಲಾಸಿಗೆ..." ಸಾಹೇಬರು ಅಲ್ಲಿಗೆ ನಿಂತರು. ಪೆನ್ನೂ ನಿಂತಿತು.

ಸಾಹೇಬರು ತಟ್ಟೆಗೆ ಚಹಾ ಸುರಿದುಕೊಂಡು ಪೂರ್ತಿ ಕುಡಿದರು. ಆಮೇಲೆ ಕನ್ನಡದಲ್ಲಿ, ಗುಟ್ಟು ಕೇಳುವವರಂತೆ ಕೇಳಿದರು:

"ಸ್ವಾಮಿಗಳೇ, ಈಯಮ್ಮ ಹೇಳೋದು ರೂಲ್ಸ್ ಪ್ರಕಾರ ಸರಿಯಾಗೇ ಇದೆಯಲ್ರೀ. ಜಾಗ ಖಾಲಿ ಮಾಡ್ಬೇಕಾದ್ದು ಪಾಸಾದೋನು ತಾನೇ?"

"ಶಾಲೆಯಲ್ಲಿ ಹಾಗೇ ಮಾಡ್ತಾರೆ ಸರ್," ಎಂದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಸೂರತ್ತಿನ ಕೋಣೆ ಮುಚ್ಚಿ, ಅಲ್ಲಿಯ ಯಂತ್ರಕ್ಕೆ ಅಹಮದಾಬಾದಿಗೆ ಬಡ್ತಿ ಎಂದು ಬರೆದು ಸಹಿ ಹಾಕಿದರು. ಅಲ್ಲಿಯ ಭಾಯಿಯ ಹೆಂಡತಿ ಮಕ್ಕಳಿದ್ದದ್ದು ಅಹಮದಾಬಾದಿನಲ್ಲೇ; ಅವನು ಯಂತ್ರಕ್ಕಿಂತ ಮೊದಲೇ ಬಂದು ಇಳಿದ. ನಾನು ಆ ರಜೆ ಕೂಡುವ ಪ್ರೋಗ್ರಾಂ ನಿಲ್ಲಿಸಿದೆ. ತೊಂಬತ್ತಾರು ಇದ್ದದ್ದು ಮೂರಕ್ಕೆ ಬಿತ್ತು. ಸಾಹೇಬರು ನಿಟ್ಟುಸಿರು ಬಿಟ್ಟರು: "ದೊಡ್ಡ ಕ್ಲಾಸಿಗೆ ಬಂದ ಮೇಲೆ ಎಲ್ಲರಿಗೂ ಹೀಗೇ. ಪಾಠ ಕಷ್ಟ."

ಆವತ್ತು ಸಹಿ ಆದಾಗ ಬೆನ್ ಅಳಲಿಲ್ಲ, ನಗಲೂ ಇಲ್ಲ. ಗಡಿಯಾರ ನೋಡಿ, "ಒಂದಾಯಿತು, ಹೋಗಿ ಬರ್ತೀನಿ," ಎಂದು ಸ್ಕೂಟರಿನ ಕೀ ಹಿಡಿದು ಹೊರಟರು. ಅವರ ಯಜಮಾನರ ಕೈ ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ನಾನು ಸಂಕಲ್ಪ ಮಾಡಿ ಪಾರಾಯಣಕ್ಕೆ ಕೂತಿದ್ದೇನೆ. ಆ ಕೈ ದೇವರಿಗೆ ಬಿಟ್ಟದ್ದು.

ಮುಂದಿನ ವಾರ ನನ್ನ ಹೆಸರಿಗೆ ಒಂದು ಆದೇಶ ಬಂತು. ನಾಪಾಸಾದ ಯಂತ್ರಕ್ಕೆ ಪ್ರತಿ ಬುಧವಾರ ನಾನು ಮಕರಪುರಕ್ಕೆ ಹೋಗಿ ವಿಶೇಷ ತರಬೇತಿ ಕೊಡಬೇಕು, ಮೂರು ತಿಂಗಳಿಗೊಮ್ಮೆ ಪ್ರಗತಿ ಪತ್ರ ಒಪ್ಪಿಸಬೇಕು. ಹೋದೆ. ಬೆನ್ ಮನೆಗೆ ಹೋದ ಹೊತ್ತಿನಲ್ಲಿ ಯಂತ್ರದ ಎದುರು ಕೂತು ಪಾರಾಯಣ ಮಾಡಿದೆ. ನಾನಿರುವ ದಿನ ಅವರು ಎರಡೂವರೆಗೆ ಬಂದರೂ ನಡೆಯುತ್ತದೆ. ಯಜಮಾನರು ನಿಧಾನವಾಗಿ ಉಣ್ಣುತ್ತಾರಂತೆ. ಕೈ ಖಾಲಿ ಇದ್ದಾಗ ಅಲ್ಲಿ ಇಲ್ಲಿ ಉಳಿದಿದ್ದ ಒಂದೆರಡು ಬೇಡದ ಕಡತ ಗುಡಿಸಿದೆ. ಯಂತ್ರ ಐದಕ್ಕೆ ಇಳಿಯಿತು.

ಪ್ರಗತಿ ಪತ್ರದಲ್ಲಿ ಇದ್ದದ್ದನ್ನೇ ಬರೆದೆ. ಹಾಜರಾತಿ: ಒಂದು ನಿಮಿಷವೂ ತಪ್ಪಿಲ್ಲ. ನಡತೆ: ಶಾಂತ. ಅಂಕ: ಐದು. ಎರಡು ದಿನದ ಮೇಲೆ ಅದು ಸಾಹೇಬರ ಕೆಂಪು ಶಾಯಿಯ ಷರಾ ಹೊತ್ತು ವಾಪಸು ಬಂತು: "ಟ್ಯೂಷನ್ ಕೊಟ್ಟರೂ ಮಾರ್ಕ್ಸ್ ಇಳಿದಿದೆ. ಈ ವಿದ್ಯಾರ್ಥಿ ಎಂದಿಗೂ ಪಾಸಾಗುವ ಲಕ್ಷಣವಿಲ್ಲ. ಇದೇ ಕ್ಲಾಸಿನಲ್ಲಿ ಖಾಯಂ ಆಗಿ ಕೂರಿಸಿ."

ಬುಧವಾರ ಅದನ್ನು ಬೆನ್‌ಗೆ ಓದಿ ಹೇಳಿದೆ. 'ಖಾಯಂ' ಎಂಬಲ್ಲಿ ಇನ್ನೊಮ್ಮೆ ಓದಿಸಿದರು. ಆಮೇಲೆ ಹೊರಗೆ ಹೋಗಿ ಪೇಡೆ ತಂದು ಅಕ್ಕಪಕ್ಕದ ಕಾರ್ಖಾನೆಯವರಿಗೆಲ್ಲ ಹಂಚಿದರು. ಲೇತ್ ನಿಲ್ಲಿಸಿ ಬಂದ ಒಬ್ಬಾತ ಪೇಡೆ ಬಾಯಿಗೆ ಹಾಕಿಕೊಳ್ಳುತ್ತ, ಏನು ವಿಶೇಷ ಬೆನ್ ಎಂದು ಕೇಳಿದ.

ಬೆನ್ ಕಣ್ಣೊರೆಸಿಕೊಂಡು ಹೇಳಿದರು: "ನಮ್ಮವನು ಫೇಲಾದ!"