ನಿಮ್ಮ ಕುರ್ಚಿ ಮುಂದ ಯಾರಿಗೆ?

ನಮ್ಮ ಮೌಶಿ ಕಾಗದದ ಕಟ್ಟು ಬಗಲಾಗ ಹಿಡಕೊಂಡು ಯಾರದರೆ ಹೊಸ್ತಿಲಾ ದಾಟಿದಳಂದ್ರ, ಅಲ್ಲಿ ಏನರೆ ಒಂದು ಆಗೇ ಆಗ್ತದ. ನನ್ನ ಮಾತು ಕಡಿಮಿ, ಮನಿಗೆ ಯಾರರೆ ಬಂದ್ರ ಪುಸ್ತಕ ತಗೊಂಡು ಒಳಗ ಓಡಾಕಿ. ಅದಕ್ಕ ಇದನ್ನ ಇಲ್ಲೀತನಕ ಯಾರ ಮುಂದೂ ಹೇಳಿಲ್ಲ.

ಮೌಶಿ ಅಂದ್ರ ನಮ್ಮವ್ವನ ತಂಗಿ. ಕಾಲೇಜಿನಾಗ ಮ್ಯಾನೇಜ್‌ಮೆಂಟ್ ಕಲಸ್ತಾಳ. ಪಿಎಚ್‌ಡಿ ಹಿಡದು ಆರು ವರ್ಷ ಆತು. ವಿಷಯ ಏನಂದ್ರ, ಒಬ್ಬರು ಕುರ್ಚಿ ಇಳದ ಮ್ಯಾಲೆ ಅದರ ಮ್ಯಾಲೆ ಯಾರು ಕೂಡ್ತಾರ, ಅವರ ಸ್ವಭಾವ ಎಂಥಾದ್ದು, ಅವರು ಗೆಲ್ಲೂದು ಯಾಕ. ಇಳಿಯೋರಿಗೊಂದು ಕಾಗದ, ಏರೋರಿಗೊಂದು ಕಾಗದ. ಒಬ್ಬರದೊಬ್ಬರು ನೋಡದ ತುಂಬಬೇಕು. ಇಂಥಾ ಮೂರು ಜೋಡಿ ಕಡಿಮಿ ಬಿದ್ದಿದ್ವು. ಸೋಮವಾರ ಪ್ರಬಂಧ ಕೊಡದಿದ್ರ ನೋಂದಣಿ ರದ್ದು, ಆರು ವರ್ಷ ನೀರಾಗ.

"ನೀ ಬಾ. ನಿನ್ನ ಅಕ್ಷರ ಛಂದ ಅವ," ಅಂದಳು ಮೌಶಿ. ನನಗೂ ಒಳಗೊಳಗ ಒಂದು ಕುತೂಹಲ ಇತ್ತು: ನನ್ನಂಗ ಮಾತಾಡಲಿಕ್ಕೆ ಬರದೋರು ಯಾರರೆ ಕುರ್ಚಿ ಏರ್ಯಾರೇನು ಅಂತ.

ಐದಕ್ಕ ಐದು

ಬೈಲಹೊಂಗಲದ ಪ್ಯಾಟ್ಯಾಗ ಒಂದು ತಾಮ್ರ-ಹಿತ್ತಾಳಿ ಭಾಂಡೆ ಅಂಗಡಿ. ಈಗ ಅಪ್ಪ ಮಾಲಕ, ಮುಂದ ಮಗ. ಕಾಗದದಾಗ ಒಂದೊಂದು ಮಾತಿಗೂ ಅಂಕಿ ಹಾಕಬೇಕು. ಸುಳ್ಳಾದ್ರ ಒಂದು, ಪೂರಾ ಖರೆ ಆದ್ರ ಐದು. ಮಾಲಕರು ಮೂಗಿನ ಮ್ಯಾಲೆ ಚಾಳೀಸ ಏರಿಸಿ ಚಾ ಆರೂದರಾಗ ಮುಗಿಸಿದ್ರು. ನಾ ನೋಡ್ತೇನಿ, 'ನನಗೆ ಬೇಗ ಸಿಟ್ಟು ಬರುತ್ತದೆ' ಐದು. 'ನನಗೆ ಸಿಟ್ಟೇ ಬರುವುದಿಲ್ಲ' ಅದೂ ಐದು. 'ಜನರ ಮುಂದೆ ನಾಚುತ್ತೇನೆ' ಐದು. 'ಜನರ ಮುಂದೆ ಧೈರ್ಯವಾಗಿ ಮಾತಾಡುತ್ತೇನೆ' ಐದು.

"ಕಾಕಾ, ಹಿಂಗ್ಯಾಕ್ರಿ?" ಅಂದಳು ಮೌಶಿ.

"ಮತ್ತೇನ್ರಿ ಬಾಯಾರ? ಇಂಥಾ ಬಿಸಲಾಗ ನಮ್ಮ ಬಾಗಲಾತನಕ ಬಂದೀರಿ. ನಿಮಗ ಎರಡು ಮೂರು ಕೊಟ್ಟು ಕಳಸಾಕ ನಾವೇನು ಅಷ್ಟು ಸಣ್ಣ ಮಂದಿಯೇನು?"

ಮೌಶಿ ಬಿಡಿಸಿ ಬಿಡಿಸಿ ತಿಳಿಸಿ, ಹೊಸಾ ಕಾಗದ ಕೊಟ್ಟಳು. ಮಾಲಕರು ಗೋಣು ಹಾಕಿ, ರೊಕ್ಕದ ಗಲ್ಲೇದ ಮ್ಯಾಲೆ ಕುಂತ ಮಗಗ ಕೂಗಿ ಹೇಳಿದ್ರು: "ಏ, ಬಾಯಾರಿಗಿ ಕಮ್ಮಿ ಸಾಕಂತ. ನೀ ಎಲ್ಲಾಕೂ ನಾಕ ಹಾಕು."

ಎರಡು ಸೀರಿ

ಮೂರನೇ ಸಲ ಬರಿಸಿದ ಮ್ಯಾಲೆ ಆ ಅಪ್ಪ-ಮಗನ ಜೋಡಿ ಕೈಗೆ ಹತ್ತಿತು. ಅಲ್ಲಿಂದ ಕಿತ್ತೂರು. ಹೈವೇ ಬಾಜೂಕ ಒಂದು ಖಾನಾವಳಿ, ನಡಸಾಕಿ ಒಬ್ಬ ಅಜ್ಜಿ, ಕೈಕೆಳಗ ಸೊಸಿ. ಮೌಶಿ ಮೊದಲನೇ ಪ್ರಶ್ನಿ ಓದಿದಳು: "ನಿಮ್ಮ ನಂತರ ಇದನ್ನು ಯಾರು ನಡೆಸುತ್ತಾರೆ?"

ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ಸೊಸಿ ಸೆರಗು ಬಾಯಿಗಿಟ್ಟು ಅಳಲಿಕ್ಕೆ ಸುರು ಮಾಡಿದಳು. "ಯಕ್ಕಾರ, ನಮ್ಮತ್ತಿಗಿ ಏನಾಗೈತ್ರಿ? ಡಾಕ್ಟರು ನಿಮ್ಮ ಮುಂದ ಏನರ ಹೇಳ್ಯಾರೇನ್ರಿ?" ಊಟಕ್ಕ ಕುಂತ ಲಾರಿ ಡ್ರೈವರ್ ತುತ್ತು ಕೈಯಾಗ ಹಿಡಕೊಂಡೇ ಎದ್ದು ನಿಂತ.

ಮೌಶಿಗೆ ಗಾಬರಿ. "ಹಂಗಲ್ರವಾ! ಅಜ್ಜಿ ಆರು ತಿಂಗಳು ಕಾಶಿಗೆ ಹೋದ್ರು ಅಂತ ತಿಳೀರಿ. ಆವಾಗ ಯಾರು ನಡಸ್ತಾರ?"

ಅಜ್ಜಿ ಮಾರಿ ಅರಳಿತು. "ಸೊಸಿ ನಡಸ್ತಾಳ. ಮಸ್ತ ನಡಸ್ತಾಳ. ಮುಂದಿಂದು ಕೇಳ್ರಿ." ಆಕಿ ಹೇಳ್ಕೋತ ಹೋದಳು, ನಾ ಬರಕೋತ ಹೋದೆ. ಸೊಸಿ ಕಣ್ಣೊರಸಿಕೊಂಡು ಹಿತ್ತಲದಾಗ ಕುಂತು ತನ್ನ ಕಾಗದ ತುಂಬಿದಳು. ಎರಡನೇ ಜೋಡಿ ಆತು.

ನಾವು ಹೊಂಡಬೇಕು ಅನ್ನೂದರಾಗ, ಅಜ್ಜಿ ಒಂದು ಗಂಟು ಕಟಗೊಂಡು ಬಂದು ಬಾಗಲದಾಗ ನಿಂತಾಳ! "ಎರಡು ಸೀರಿ ಸಾಕಲ್ಲವಾ? ಕಾಶ್ಯಾಗ ಥಂಡಿ ಭಾಳ ಐತೇನು?"

ಹಾಜರ

ಮರುದಿನ ಸವದತ್ತಿ ಕಡೆ ಒಂದು ಹಳ್ಳಿ. ನವಿಲುತೀರ್ಥದ ಕಾಲುವಿ ನೀರು ಹಂಚೂ ರೈತರ ಸಂಘ. ಹನ್ನೆರಡು ವರ್ಷದಿಂದ ಒಬ್ಬರೇ ಅಧ್ಯಕ್ಷರು, ಒಬ್ಬರೂ ಎದುರು ನಿಂತಿಲ್ಲ.

"ನಿಮ್ಮ ಯಶಸ್ಸಿನ ಗುಟ್ಟು ಏನ್ರಿ?" ಕೇಳಿದಳು ಮೌಶಿ, ಪೆನ್ನು ತಯಾರು ಹಿಡದು.

"ಆ ಮೀಟಿಂಗಿಗಿ ನಾ ಹೋಗಿದ್ದಿಲ್ರಿ."

"ಅಂದ್ರ?"

"ನೀರು ಹಂಚೂದಂದ್ರ ದಿನಾ ಮುಂಜಾನೆದ್ದು ಬೈಸಿಕೊಳ್ಳೂ ಕೆಲಸರಿ. ಕುಂತವರೆಲ್ಲಾ ಒಲ್ಲೆ ಅಂದ್ರು. ನಾ ಎಮ್ಮಿ ನೋಡಾಕ ಮುನವಳ್ಳಿಗಿ ಹೋಗಿದ್ದೆ. 'ಅಂವಾ ಒಬ್ಬಾಂವ ಒಲ್ಲೆ ಅಂದಿಲ್ಲ' ಅಂತ ನನ್ನ ಹೆಸರು ಬರದ ಬಿಟ್ರು."

ಮೌಶಿ ನಗೂದು ತಡಕೊಂಡು, "ಆತು. ನಿಮ್ಮ ಜಾಗಾಕ್ಕ ಮುಂದ ಬರೋರು ಯಾರು? ಅವರಿಗೂ ಒಂದು ಕಾಗದ ಕೊಡಬೇಕು," ಅಂದಳು.

ಅಧ್ಯಕ್ಷರು ದೊಡ್ಡ ಉಸಿರು ಬಿಟ್ರು. "ಯಾರೂ ಇಲ್ರಿ. ಈಗ ಎಲ್ಲಾರೂ ಶ್ಯಾಣ್ಯಾ ಆಗ್ಯಾರ, ಒಂದು ಮೀಟಿಂಗ್ ತಪ್ಪಸೂದಿಲ್ಲ. ಮೊನ್ನೆ ಒಬ್ಬಾಂವ ಕಾಲಿಗಿ ಪ್ಲಾಸ್ಟರ್ ಹಾಕಿಸಿಕೊಂಡು ಚಕ್ಕಡ್ಯಾಗ ಮಲಕೊಂಡು ಬಂದಿದ್ದ. ಬಾಗಲದಾಗಿಂದನ 'ಹಾಜರ!' ಅಂತ ಒದರಿ ಹೊಳ್ಳಿ ಹೋದ."

ಗೈಡ್ ಸರ್ ಮನಿ

ಆ ಜೋಡಿ ಕೈ ತಪ್ಪಿತು. ಭಾನುವಾರ ಸಂಜೀಕ ರಾಮದುರ್ಗಕ್ಕ ಹೋದ್ವಿ, ಮೌಶಿಯ ಪಿಎಚ್‌ಡಿ ಗೈಡ್ ಸರ್ ಮನಿಗೆ. ಕುರ್ಚಿ ಬಿಟ್ಟುಕೊಡೂದು ಹ್ಯಾಂಗ ಅಂತ ಸರ್ ಒಂದು ದಪ್ಪ ಪುಸ್ತಕ ಬರದಾರ. ಹದಿನೈದು ದಿನದ ಹಿಂದ ರಿಟೈರ್ ಆಗಿದ್ರು.

"ಒಂದು ಜೋಡಿ ಕಡಿಮಿ ಅದ. ಪ್ರಬಂಧಕ್ಕ ಸಹಿ ಆಗೂದಿಲ್ಲ," ಅಂದ್ರು ಸರ್. ಮೌಶಿ ಬಸ್ಸಿನಾಗ ಏನೇನೋ ಹೇಳಬೇಕಂತ ಪಾಠ ಮಾಡಿದ್ಳು, ಕಡೀಕ "ನಾಳೆನ ಸೋಮವಾರ ಅದರಿ ಸರ್," ಅಂದಳು ಅಷ್ಟ. ಕಣ್ಣು ತುಂಬಿ ಬಂದ್ವು.

ಅಷ್ಟರಾಗ ಅಡಗಿಮನಿಯಿಂದ ಸರ್ ಹೆಂಡತಿ, ಕಾಕು, ಕೂಗಿದ್ರು: "ಉಪ್ಪು ಎಲ್ಲಿಟ್ಟೀರಿ?"

"ಅಕಾರಾದಿ ಹಚ್ಚೇನಿ. ಅರಿಷಿಣ, ಇಂಗು, ಅದರ ಬಾಜೂಕ ಉಪ್ಪು."

"ಮೂವತ್ತೈದು ವರ್ಷ ಕಣ್ಣು ಮುಚ್ಚಿ ತಗೀತಿದ್ದೆ. ಈಗ ಅಂಕಲಿಪಿ ಹಿಡಕೊಂಡು ಒಗ್ಗರಣಿ ಹಾಕಬೇಕು!" ಕಾಕು ಸೌಟು ಹಿಡದು ಹೊರಗ ಬಂದ್ರು. "ನೋಡ್ರವಾ, ರಿಟೈರ್ ಆದಾಗಿಂದ, 'ನೀ ಇಳಿ, ಅಡಗಿಮನಿ ನಾ ನೋಡಕೋತೀನಿ' ಅಂತಾರ. ಕುಕ್ಕರ್ ಸೀಟಿ ಹೊಡದ್ರ ಅಂಗಳಕ್ಕ ಓಡ್ತಾರ!"

ನನಗೇನಾತೋ ಏನೋ. ಮಂದಿ ಮನ್ಯಾಗ ನೀರು ಸೈತ ಕೇಳದ ನಾನು ಅಂದಬಿಟ್ಟೆ: "ಮೌಶಿ, ಇಳಿಯೋರು, ಏರೋರು ಇಬ್ಬರೂ ಇಲ್ಲೇ ಇದ್ದಾರಲ್ಲ."

ಎಲ್ಲಾರೂ ನನ್ನ ಕಡೆ ತಿರುಗಿದ್ರು. ಕಿವಿ ಕಾದ ಹಂಚಾದ್ವು.

ಕಾಕು ಸೆರಗಿಗೆ ಕೈ ಒರಸಿಕೊಂಡು, "ತಾ ಇಲ್ಲಿ ಕಾಗದ," ಅಂದ್ರು. ಮೌಶಿ ಸರ್ ಕಡೆ ನೋಡಿದಳು. "ಹೆಸರು ಬರಿಯೂದಿಲ್ಲರಿ ಸರ್, ನಂಬರ್ ಅಷ್ಟ." ಸರ್ ಗಂಟಲಾ ಸರಿಮಾಡಿಕೊಂಡು ಅಂಗಳದಾಗ ಕುಂತ್ರು, ಕಾಕು ಒಲಿ ಮುಂದ. ತುಂಬಿದ ಮ್ಯಾಲೆ ಎರಡೂ ತಪಾಸ ಮಾಡೂದು ಗೈಡ್ ಕೆಲಸ. ಹಂಗಾಗಿ ಎರಡೂ ಸರ್ ಕೈಗೇ ಬಂದ್ವು. ನಾ ಹಿಂದ ನಿಂತು ಇಣಕಿದೆ.

'ಹೊಸ ಹೊಣೆಗೆ ನಾನು ಸಿದ್ಧ': ಸರ್ ಐದು ಹಾಕಿದ್ರು. 'ಹೊಣೆ ವಹಿಸಿಕೊಳ್ಳುವವರ ಯೋಗ್ಯತೆ': ಕಾಕು ಒಂದು ಹಾಕಿದ್ರು, ಅದನ್ನೂ ಹೊಡದು ಅರ್ಧ ಮಾಡಿದ್ರು. ಕೆಳಗ, 'ಅಧಿಕಾರ ಯಾವಾಗ ಬಿಟ್ಟುಕೊಡುತ್ತೀರಿ' ಅನ್ನೂದಕ್ಕ ದುಂಡಗ ಬರದಿದ್ರು: 'ಮೊದಲ ಒಂದು ದಿನ ಹಾಲು ಉಕ್ಕಲಾರದಂಗ ಕಾಸಿ ತೋರಸಲಿ.'

ಸರ್ ಓದಿದ್ರು. ಮತ್ತೊಮ್ಮೆ ಓದಿದ್ರು. ಚಾಳೀಸ ತಗದು ಒರಸಿ, ಪ್ರಬಂಧ ಹತ್ರ ಎಳಕೊಂಡು ಸಹಿ ಹಾಕಿದ್ರು. ಮೌಶಿ ನನ್ನ ಕೈ ಎಷ್ಟು ಗಟ್ಟಿ ಹಿಡದ್ಳಂದ್ರ, ಬಳಿ ಒಡದ್ವು.

ಸರ್ ಅಡಗಿಮನಿ ಕಡೆ ಒಮ್ಮೆ ನೋಡಿ, ಸಣ್ಣ ದನಿಯಾಗ ಅಂದ್ರು: "ಸಂಶೋಧನಾ ಪೂರಾ ಖರೆ ಅದ. ಆದ್ರ ನನ್ನ ಪುಸ್ತಕ ಓದಿದವರಿಗೆ ಮಾತ್ರ ಇದನ್ನ ತೋರಸಬ್ಯಾಡವಾ."